ಸೂರ್ಯಕಾಂತಿ ಐಮ್ಯಾಕ್ ಜಿ4: ತಳ ಬಿಚ್ಚಿ ಮುಚ್ಚಿದೆ, ಈಗ ಇಪ್ಪತ್ತು ನಿಮಿಷಕ್ಕೇ ನಿಲ್ಲುತ್ತಿದೆ

ಸ್ಟುಡಿಯೋ_ಮಗಳು:

ನಮಸ್ಕಾರ. ಒಂದು ವರ್ಷದಿಂದ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದವಳು ನಾನು. ಈಗ ಕೈಯಾರೆ ಒಂದು ಎಡವಟ್ಟು ಮಾಡಿಕೊಂಡಿದ್ದೇನೆ, ಹಾಗಾಗಿ ಬರೆಯಲೇಬೇಕಾಯಿತು.

ಯಂತ್ರ ಆಪಲ್ ಕಂಪನಿಯ ಐಮ್ಯಾಕ್ ಜಿ4 ಕಂಪ್ಯೂಟರ್. 15 ಇಂಚಿನ ಪರದೆ, 700 ಮೆಗಾಹರ್ಟ್ಸ್, 2002ರ ಮೊದಲ ಮಾದರಿ. ಹೆಸರು ಗೊತ್ತಿಲ್ಲದವರೂ ಚಿತ್ರ ನೋಡಿದರೆ ಗುರುತು ಹಿಡಿಯುತ್ತೀರಿ. ಬಿಳಿ ಬೋಗುಣಿ ಕವುಚಿ ಹಾಕಿದ ಹಾಗೆ ತಳ, ಅದರ ನೆತ್ತಿಯಿಂದ ಎದ್ದ ಹೊಳೆಯುವ ಸ್ಟೀಲ್ ಕತ್ತು, ಕತ್ತಿನ ತುದಿಗೆ ತೆಳ್ಳನೆ ಪರದೆ. ಕಂಪ್ಯೂಟರ್ ಪೂರ್ತಿ ಆ ಬೋಗುಣಿಯ ಒಳಗೇ ಇದೆ. ಅಮೆರಿಕದಲ್ಲಿ ಇದನ್ನು ಸೂರ್ಯಕಾಂತಿ ಅಂತಲೂ ಮೇಜಿನ ದೀಪ ಅಂತಲೂ ಕರೆದರಂತೆ. ಸಾಗರದಲ್ಲಿ ನಮ್ಮ ಅಂಗಡಿಗೆ ಬರುತ್ತಿದ್ದವರೆಲ್ಲ ‘ಕೊಕ್ಕರೆ’ ಅನ್ನುತ್ತಿದ್ದರು.

ಅಪ್ಪನದು ಸಾಗರದಲ್ಲಿ ಫೋಟೋ ಸ್ಟುಡಿಯೋ ಇತ್ತು. 2006ರಲ್ಲಿ ಬೆಂಗಳೂರಿನ ಒಂದು ಜಾಹೀರಾತು ಕಚೇರಿಯವರು ಹಳೇ ಕಂಪ್ಯೂಟರುಗಳನ್ನು ಮಾರುತ್ತಿದ್ದಾಗ ಇದನ್ನು ತಂದರು. ರಾತ್ರಿ ಬಸ್ಸಿನಲ್ಲಿ, ತೊಡೆಯ ಮೇಲೆ, ಕಂಬಳಿ ಸುತ್ತಿಕೊಂಡು. ಹತ್ತು ಕಿಲೋ ಹತ್ತಿರ ಇದೆ ಇದು. ಅಮ್ಮನಿಗೆ ಮೊದಲು ಅನಿಸಿದ್ದು ಯಾರದೋ ಮನೆಯ ಕಂಚಿನ ದೀಪ ಎತ್ತಿಕೊಂಡು ಬಂದಿದ್ದಾರೆ ಅಂತ.

ಊರಿನವರು ನಕ್ಕರು. ಆದರೆ ಅಂಗಡಿಯಲ್ಲಿ ಇದರಷ್ಟು ಕೆಲಸಕ್ಕೆ ಬಂದ ಸಾಮಾನು ಇನ್ನೊಂದಿಲ್ಲ. ನಮ್ಮ ಕೌಂಟರ್ ಎರಡಡಿ ಅಗಲ. ಅಪ್ಪ ಈಚೆ, ಗಿರಾಕಿ ಆಚೆ. ಪರದೆಯ ಸುತ್ತ ಒಂದು ಬೆರಳಗಲದ ಪಾರದರ್ಶಕ ಅಂಚು ಇದೆ, ನೋಡಿರುತ್ತೀರಿ. ಅಪ್ಪ ಆ ಅಂಚಿಗೆ ತೋರುಬೆರಳು ಇಟ್ಟು ಮೆಲ್ಲಗೆ ತಳ್ಳಿದರೆ ಸಾಕು, ಪರದೆ ಪೂರಾ ಆಚೆ ಮುಖ ಮಾಡುತ್ತಿತ್ತು. "ನೋಡಿ, ಕಣ್ಣು ಮುಚ್ಚಿದ್ದೀರಿ. ಇನ್ನೊಂದು ತೆಗೆಯಲಾ?" ಮಕ್ಕಳು ಬಂದರೆ ಕೌಂಟರಿನ ಮಟ್ಟಕ್ಕೆ ಇಳಿಸುತ್ತಿದ್ದರು, ಎತ್ತರದವರು ಬಂದರೆ ಮೇಲೆ. ಎಷ್ಟು ಎತ್ತಿ ಇಳಿಸಿದರೂ ಪರದೆಯ ಓರೆ ಬದಲಾಗುವುದಿಲ್ಲ. ತಳ ಒಂದಿಷ್ಟೂ ಅಲುಗಾಡುವುದಿಲ್ಲ. ಆಗಿನ ಬೇರೆ ಅಂಗಡಿಗಳಲ್ಲಿ ಗಿರಾಕಿಗಳೇ ಕೌಂಟರ್ ದಾಟಿ ಒಳಗೆ ಬಂದು, ಕತ್ತು ಉದ್ದ ಮಾಡಿ ದಪ್ಪ ಮಾನಿಟರ್ ನೋಡಬೇಕಿತ್ತು.

ಅಂಗಡಿ ಮುಚ್ಚಿ ಎಂಟು ವರ್ಷ ಆಯಿತು. ಕೊಕ್ಕರೆ ಅಟ್ಟದ ಕೆಳಗಿನ ಕಪಾಟಿನ ಮೇಲೆ ಕೂತಿತ್ತು. ಅಪ್ಪನಿಗೆ ಈಗ 71. ಹೋದ ತಿಂಗಳು ಇದ್ದಕ್ಕಿದ್ದ ಹಾಗೆ, "ಅದರಲ್ಲಿ ಹಳೇ ಮದುವೆ ಫೋಟೋ ಇದೆಯಲ್ಲ, ತೆಗೆದಿಡು" ಅಂದರು. ಇಳಿಸಿದೆ, ಹಾಕಿದೆ, ಆನ್ ಆಯಿತು! ಆ ‘ಢಂ’ ಅನ್ನುವ ಸದ್ದು ಕೇಳಿ ಅಮ್ಮ ಅಡುಗೆಮನೆಯಿಂದ ಓಡಿ ಬಂದಳು. ದಿನಾಂಕ ಮಾತ್ರ 1970ರ ಜನವರಿ 1 ಅಂತ ತೋರಿಸುತ್ತಿತ್ತು.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಫ್ಯಾನ್ ಸ್ವಲ್ಪ ಗುರ್ ಅನ್ನುತ್ತಿತ್ತು. ಮಲೆನಾಡಿನ ಧೂಳು, ಜೇಡರ ಬಲೆ, ಜೊತೆಗೆ ಹಿಂದಿನ ಒಂದು ಕಿಂಡಿಯಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು. ಒಳಗೆ ಏನೇನಿದೆಯೋ ಅಂತ ಉಲ್ಟಾ ಮಲಗಿಸಿ ತಳದ ತಟ್ಟೆ ಬಿಚ್ಚಿದೆ. ಮೆಮೊರಿ ಹಾಕುವ ಜಾಗ ಕಾಣಿಸಿತು. ಅಲ್ಲಿಗೂ ನಿಲ್ಲಿಸಲಿಲ್ಲ. ನಕ್ಷತ್ರದ ಆಕಾರದ ನಾಲ್ಕು ಸ್ಕ್ರೂ ಇದ್ದವು. ಅವನ್ನೂ ಬಿಚ್ಚಿ ತಳವನ್ನೇ ಎತ್ತಿದೆ, ಬ್ರಶ್ಶಿನಲ್ಲಿ ಧೂಳು ಹೊಡೆದೆ, ಹಾಗೇ ಮುಚ್ಚಿದೆ.

ಆವತ್ತಿನಿಂದ ಹೀಗಾಗಿದೆ. ಆನ್ ಆಗುತ್ತದೆ, ಹದಿನೈದು ಇಪ್ಪತ್ತು ನಿಮಿಷ ಚೆನ್ನಾಗಿ ಓಡುತ್ತದೆ. ಆಮೇಲೆ ಫ್ಯಾನ್ ಜೋರಾಗುತ್ತದೆ, ಬಾಣ ಅಲ್ಲಲ್ಲೇ ನಿಂತುಬಿಡುತ್ತದೆ. ಕಾದು ಕೂತರೆ ಪೂರಾ ಆಫ್. ತಣ್ಣಗಾದ ಮೇಲೆ ಮತ್ತೆ ಅದೇ ಕಥೆ.

ಇನ್ನೊಂದು ಪ್ರಶ್ನೆ ಇದೆ. ಕತ್ತು ಮೇಲೆತ್ತಿ ಬಿಟ್ಟರೆ ತಾನಾಗಿಯೇ ಒಂದಿಂಚು ಇಳಿಯುತ್ತದೆ. ಮೊದಲು ಹೀಗಿರಲಿಲ್ಲ. ಕತ್ತಿನ ಬುಡ ಬಿಚ್ಚಿ ಬಿಗಿ ಮಾಡಬಹುದಾ? ಸ್ಕ್ರೂಡ್ರೈವರ್ ಕೈಯಲ್ಲೇ ಇದೆ.

ಬೆಸುಗೆ_ಕಡ್ಡಿ:

ಮೊದಲು ಆ ಸ್ಕ್ರೂಡ್ರೈವರ್ ಕೆಳಗಿಡಿ ತಾಯಿ.

ಎರಡನೇ ಪ್ರಶ್ನೆಗೆ ಮೊದಲು ಉತ್ತರ. ಕತ್ತಿನ ಒಳಗೆ ಬಲವಾದ ಸ್ಪ್ರಿಂಗ್ ಅದುಮಿ ಇಟ್ಟಿದ್ದಾರೆ. ಪರದೆಯ ಭಾರವನ್ನು ಅದೇ ಹೊತ್ತು ನಿಂತಿರುವುದು, ಅದಕ್ಕೇ ಒಂದು ಬೆರಳಿಗೆ ಅಷ್ಟು ಹಗುರ ಅನಿಸುತ್ತದೆ. ಗೊತ್ತಿಲ್ಲದೆ ಬಿಚ್ಚಿದರೆ ಅದು ಹಾರಿ ಕೈಗೋ ಮುಖಕ್ಕೋ ಬಡಿಯುತ್ತದೆ. ಜೊತೆಗೆ ಪರದೆಗೆ ಹೋಗುವ ತಂತಿಗಳೆಲ್ಲ ಅದೇ ಕೊಳವೆಯೊಳಗೆ ಸಾಗುತ್ತವೆ. ಇಪ್ಪತ್ತು ವರ್ಷ ದಾಟಿದ ಸ್ಪ್ರಿಂಗ್ ಒಂದಿಂಚು ಇಳಿದರೆ ಇಳಿಯಲಿ ಬಿಡಿ, ನಮಗೂ ಮಂಡಿ ನೋವಿಲ್ವಾ?

ಇನ್ನು ಬಿಸಿಯ ವಿಷಯ. ಈ ಮಾದರಿಯನ್ನು ಮೊದಲ ಸಲ ಬಿಚ್ಚುವವರಲ್ಲಿ ತುಂಬಾ ಜನ ಮಾಡುವ ತಪ್ಪು ಇದು, ನಾನೂ ಮಾಡಿದ್ದೇನೆ. ಬೇರೆ ಕಂಪ್ಯೂಟರ್‌ಗಳಲ್ಲಿ ಪ್ರೊಸೆಸರ್ ಮೇಲೆ ಶಾಖ ಹೀರುವ ಲೋಹದ ತುಂಡು ಕೂತಿರುತ್ತದೆ, ಮುಚ್ಚಳ ತೆಗೆದರೂ ಹಾಕಿದರೂ ಅದಕ್ಕೇನೂ ಆಗುವುದಿಲ್ಲ. ಇದರಲ್ಲಿ ಹಾಗಲ್ಲ. ದುಂಡಗಿನ ಮದರ್‌ಬೋರ್ಡ್ ನೀವು ಎತ್ತಿದಿರಲ್ಲ, ಆ ತಳದ ಭಾಗದಲ್ಲಿ ಕೂತಿದೆ. ಫ್ಯಾನ್ ಇರುವುದು ಬೋಗುಣಿಯ ನೆತ್ತಿಯಲ್ಲಿ. ಪ್ರೊಸೆಸರ್‌ನ ಬಿಸಿ ಒಂದು ಶಾಖದ ಕೊಳವೆಯಲ್ಲಿ ಸಾಗಿ ಮೇಲಿನ ಭಾಗದ ಲೋಹಕ್ಕೆ ದಾಟಬೇಕು, ಅಲ್ಲಿಂದ ಗಾಳಿಗೆ. ಆ ದಾಟುವ ಜಾಗ ಇದೆಯಲ್ಲ, ಅದು ಬರೀ ಎರಡು ಲೋಹದ ಮುಖಗಳು ಒಂದಕ್ಕೊಂದು ಒತ್ತಿಕೊಂಡು ಕೂತಿರುವುದು. ನಡುವೆ ಶಾಖ ದಾಟಿಸುವ ಪೇಸ್ಟ್. ನೀವು ತಳ ಎತ್ತಿದ ಕೂಡಲೇ ಆ ಎರಡು ಮುಖ ಬೇರೆಯಾದವು. ಒಣಗಿ ಸುಣ್ಣದ ಹಾಗಾಗಿದ್ದ ಹಳೇ ಪೇಸ್ಟ್ ಒಡೆಯಿತು. ಮತ್ತೆ ಮುಚ್ಚಿದಾಗ ನಡುವೆ ಗಾಳಿ ಸಿಕ್ಕಿಕೊಂಡಿತು. ಬಿಸಿ ಹೋಗಲಿಕ್ಕೆ ದಾರಿ ಇಲ್ಲ.

ತಳ ತೆರೆದಾಗಲೆಲ್ಲ ಹಳೆಯದನ್ನು ಒರೆಸಿ ಹೊಸ ಪೇಸ್ಟ್ ಹಚ್ಚಲೇಬೇಕು ಅಂತ ಆಪಲ್‌ನವರ ದುರಸ್ತಿ ಕೈಪಿಡಿಯಲ್ಲೇ ಇದೆ. ಹೀಗೆ ಮಾಡಿ:

ಮೇಜಿನ ಮೇಲೆ ದಪ್ಪ ಟವೆಲ್ ಹಾಸಿ. ಪರದೆಯ ಕೆಳಗೆ ದಿಂಬು ಇಡಿ, ಕತ್ತಿನ ಮೇಲೆ ಭಾರ ಬೀಳಬಾರದು. ತಳ ಎತ್ತುವಾಗ ಒಂದೇ ಸಲ ಎಳೆಯಬೇಡಿ, ಒಳಗೆ ಕೇಬಲ್ಲುಗಳು ಇವೆ. ಹಳೇ ಪೇಸ್ಟನ್ನು ಎರಡೂ ಕಡೆಯಿಂದ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಹತ್ತಿ ಬಟ್ಟೆಯಿಂದ ಒರೆಸಿ. ಲೋಹ ಹೊಳೆಯಬೇಕು. ಹೊಸದು ತೆಳ್ಳಗೆ, ದೋಸೆಗೆ ತುಪ್ಪ ಸವರಿದ ಹಾಗೆ. ಜಾಸ್ತಿ ಹಾಕಿದರೆ ಜಾಸ್ತಿ ತಂಪಾಗುವುದಿಲ್ಲ. ಆಮೇಲೆ ಆ ನಾಲ್ಕು ನಕ್ಷತ್ರದ ಸ್ಕ್ರೂಗಳು, ಅಳತೆ ಟಾರ್ಕ್ಸ್ 15. ಅವನ್ನು ಎದುರುಬದುರು ಸ್ವಲ್ಪ ಸ್ವಲ್ಪವಾಗಿ, ಕೊನೆಗೆ ಚೆನ್ನಾಗಿ ಬಿಗಿ ಮಾಡಿ. ಅವು ಬರೀ ಮುಚ್ಚಳದ ಸ್ಕ್ರೂ ಅಲ್ಲ, ಆ ಎರಡು ಮುಖಗಳನ್ನು ಒತ್ತಿ ಹಿಡಿಯುವುದೂ ಅವೇ.

ತೆರೆದಾಗ ಗಡಿಯಾರದ ಬ್ಯಾಟರಿಯನ್ನೂ ಬದಲಿಸಿ. 3.6 ವೋಲ್ಟಿನ ಲಿಥಿಯಂ, ಅರ್ಧ ಎಎ ಗಾತ್ರ. 1970 ತೋರಿಸುತ್ತಿರುವುದು ಅದು ಸತ್ತಿದ್ದಕ್ಕೆ. ಇನ್ನೊಂದು ಮಾತು. ಪೇಸ್ಟ್ ಹಚ್ಚುವ ತನಕ ಅದನ್ನು ಆನ್ ಮಾಡಲೇಬೇಡಿ. ಫೋಟೋ ತೆಗೆಯುವ ಆಸೆಗೆ ಪ್ರೊಸೆಸರ್ ಸುಟ್ಟುಕೊಳ್ಳಬೇಡಿ.

ಪೈ_ಪ್ರಯೋಗ:

ನನ್ನ ಮಾತು ಕೇಳಿದರೆ ಇಷ್ಟೆಲ್ಲ ಕಷ್ಟ ಬೇಡ. ಹಾರ್ಡ್ ಡಿಸ್ಕ್ ಹೊರಗೆ ತೆಗೆದು ಫೋಟೋ ಕಾಪಿ ಮಾಡಿಕೊಳ್ಳಿ, ಆಗಿನ ಕಾಲದ ಸಾಮಾನ್ಯ ಐಡಿಇ ಜೋಡಣೆಯ ಡಿಸ್ಕೇ ಅದು. ಆಮೇಲೆ ಒಳಗಿನ ಬೋರ್ಡ್, ಡ್ರೈವ್ ಎಲ್ಲ ಕಿತ್ತು ಒಂದು ರಾಸ್ಪ್‌ಬೆರಿ ಪೈ (ಅಂಗೈಯಗಲದ ಕಂಪ್ಯೂಟರ್ ಬೋರ್ಡ್) ಅಥವಾ ಪುಟ್ಟ ಪಿಸಿ ಕೂರಿಸಿ. ಪರದೆಯ ತಂತಿಯನ್ನು ಈಗಿನ ಟಿವಿಗಳಲ್ಲಿರುವ ಎಚ್‌ಡಿಎಂಐ ಕಿಂಡಿಗೆ ಹೊಂದಿಸಿ ಹೊಸ ಕಂಪ್ಯೂಟರ್ ಮಾಡಿಕೊಂಡವರು ತುಂಬಾ ಜನ ಇದ್ದಾರೆ. ಹೊರಗಿನ ರೂಪ ಅದೇ, ಒಳಗೆ ಹೊಸ ಜೀವ. 700 ಮೆಗಾಹರ್ಟ್ಸ್ ಇಟ್ಟುಕೊಂಡು ಏನು ಮಾಡುತ್ತೀರಿ? ಒಂದು ಜಾಲತಾಣವೂ ನೆಟ್ಟಗೆ ತೆರೆಯುವುದಿಲ್ಲ.

ಸ್ಟುಡಿಯೋ_ಮಗಳು:

ಬೆಸುಗೆ_ಕಡ್ಡಿಯವರೇ, ಸ್ಕ್ರೂಡ್ರೈವರ್ ಕೆಳಗಿಟ್ಟಿದ್ದೇನೆ. ‘ಸುಣ್ಣದ ಹಾಗಾದ ಪೇಸ್ಟ್’ ಅಂದಿರಲ್ಲ, ಅದನ್ನು ನಾನು ಏನೋ ಫಂಗಸ್ ಅಂದುಕೊಂಡು ಬ್ರಶ್ಶಿನಲ್ಲಿ ಉಜ್ಜಿ ಬೇರೆ ತೆಗೆದಿದ್ದೆ! ಇದ್ದಬದ್ದದ್ದನ್ನೂ ನಾನೇ ತೆಗೆದೆ. ಪೇಸ್ಟಿಗೆ, ಬ್ಯಾಟರಿಗೆ ಬರೆದು ಹಾಕಿದ್ದೇನೆ, ಬರಲಿಕ್ಕೆ ನಾಲ್ಕೈದು ದಿನ.

ಪೈ_ಪ್ರಯೋಗ ಅವರೇ, ನೀವು ಹೇಳುವುದು ತಪ್ಪು ಅಂತಲ್ಲ. ಆದರೆ ಅಪ್ಪನ ಹತ್ತಿರ ನಿಮ್ಮ ಸಲಹೆ ಓದಿ ಹೇಳಿದೆ. "ಹೊರಗೆ ಕೊಕ್ಕರೆ, ಒಳಗೆ ಕೋಳಿ" ಅಂದರು, ಮತ್ತೆ ಪೇಪರ್ ಓದಲು ಹೋದರು. ಮನೆಯಲ್ಲಿ ವಿಷಯ ಅಲ್ಲಿಗೆ ಮುಗಿಯಿತು.

ನನಗೂ ಅದರ ಒಳಗೆ ನೋಡಿದ ಮೇಲೆ ಕೀಳಲು ಮನಸ್ಸಿಲ್ಲ. ಬೋರ್ಡ್ ದುಂಡಗೆ ಇದೆ ಅಂತ ಕೇಳಿದ್ದೆ, ಕಣ್ಣಾರೆ ನೋಡಿದಾಗ ಬೇರೆಯೇ. ಹಬ್ಬದ ಕಾಯಿ ಹೋಳಿಗೆ ತಟ್ಟಿದ ಹಾಗೆ, ಅಂಚಿನವರೆಗೂ ಸಾಮಾನು ಜೋಡಿಸಿದ್ದಾರೆ. ಅದರ ಮೇಲೆ ಹಾರ್ಡ್ ಡಿಸ್ಕ್, ಸಿಡಿ ಡ್ರೈವ್ ಒಂದರ ಮೇಲೊಂದು. ಪಕ್ಕದಲ್ಲೇ ಕರೆಂಟಿನ ಪೆಟ್ಟಿಗೆ. ಹೊರಗೆ ಅಡಾಪ್ಟರಿನ ಇಟ್ಟಿಗೆ ಇಲ್ಲ, ಒಂದೇ ವೈರು ಗೋಡೆಗೆ. 27 ಸೆಂಟಿಮೀಟರ್ ಅಗಲದ ಬೋಗುಣಿಯಲ್ಲಿ ಇಷ್ಟೆಲ್ಲ ಹಿಡಿಸಿದ್ದಾರೆ, ನಾನು ಮಾತ್ರ ಮುಚ್ಚುವಾಗ ಒಂದು ಸ್ಕ್ರೂ ಎಲ್ಲಿಯದು ಅಂತ ಅರ್ಧ ಗಂಟೆ ಹುಡುಕಿದೆ.

ಕಾಯುವಷ್ಟರಲ್ಲಿ ಒಂದು ಕುತೂಹಲ. ಇದನ್ನು ಹೀಗೆ ಯಾಕೆ ಮಾಡಿದರು? ಈಗಿನ ಐಮ್ಯಾಕ್ ನೋಡಿದರೆ ಎಲ್ಲಾ ಪರದೆಯ ಬೆನ್ನಿಗೇ ಇದೆ. ಆಗ ಅದು ಆಗುತ್ತಿರಲಿಲ್ಲವಾ, ಅಥವಾ ಬೇಡ ಅಂದರಾ?

ಹಳೇಪೆಟ್ಟಿಗೆ:

ಬೇಡ ಅಂದರು. ನಾನು ಆಗ ಸ್ಯಾನ್ ಹೋಸೆಯಲ್ಲಿ ಎಂ.ಎಸ್. ಮಾಡುತ್ತಿದ್ದೆ, ಈ ಗಲಾಟೆ ಎಲ್ಲ ಹತ್ತಿರದಿಂದ ನೋಡಿದ್ದು.

2002ರ ಜನವರಿ 7ರಂದು ಸ್ಯಾನ್ ಫ್ರಾನ್ಸಿಸ್ಕೋದ ಮ್ಯಾಕ್‌ವರ್ಲ್ಡ್ ಮೇಳದಲ್ಲಿ ಸ್ಟೀವ್ ಜಾಬ್ಸ್ ಇದನ್ನು ಹೊರಗೆ ತಂದದ್ದು. ಅವತ್ತು ಜನಕ್ಕೆ ಪೂರ್ತಿ ಆಶ್ಚರ್ಯ ಆಗಲಿಲ್ಲ. ಹಿಂದಿನ ರಾತ್ರಿಯೇ ಟೈಮ್ ಪತ್ರಿಕೆಯ ಕೆನಡಾ ಜಾಲತಾಣದಲ್ಲಿ ಮುಖಪುಟದ ಲೇಖನ ಅವಸರಕ್ಕೆ ಹೊರಬಿದ್ದಿತ್ತು. ನಮ್ಮ ಹಾಸ್ಟೆಲಿನಲ್ಲಿ ಆ ರಾತ್ರಿ ಯಾರೂ ಮಲಗಲಿಲ್ಲ. ಅರ್ಧ ಜನ "ಇದು ಸುಳ್ಳು ಚಿತ್ರ, ಯಾರೋ ದೀಪಕ್ಕೆ ಪರದೆ ಅಂಟಿಸಿದ್ದಾರೆ" ಅಂದರು.

ಕಥೆ ಹೀಗೆ. 1998ರ ಮೊದಲ ಐಮ್ಯಾಕ್ ಗೊತ್ತಲ್ಲ, ಬಣ್ಣಬಣ್ಣದ ದಪ್ಪ ಮೊಟ್ಟೆ. ಅದರ ಮುಂದಿನದು ಚಪ್ಪಟೆ ಪರದೆಯದು ಅಂತ ತೀರ್ಮಾನವಾಗಿತ್ತು. ಆಪಲ್‌ನ ವಿನ್ಯಾಸಕ ಜೋನಿ ಐವ್ ಅವರ ತಂಡ ಮೊದಲು ಮಾಡಿದ್ದು ನೀವು ಕೇಳಿದ್ದನ್ನೇ. ಎಲ್ಲವನ್ನೂ ಪರದೆಯ ಬೆನ್ನಿಗೆ ಸೇರಿಸಿದರು. ಜಾಬ್ಸ್‌ಗೆ ಅದು ಹಿಡಿಸಲಿಲ್ಲ. ಸಿಡಿ ಡ್ರೈವನ್ನು ನಿಲ್ಲಿಸಿ ಇಟ್ಟರೆ ಅದರ ವೇಗ ಕಡಿಮೆ ಆಗುತ್ತದೆ. ಬೆನ್ನಿಗೆ ಅಷ್ಟು ಭಾರ ಕಟ್ಟಿದ ಮೇಲೆ ಪರದೆ ತೆಳ್ಳಗಿದ್ದು ಏನು ಬಂತು? ಐವ್ ಅವರನ್ನು ಮನೆಗೆ ಕರೆದರು. ಹೆಂಡತಿ ಬೆಳೆಸಿದ್ದ ಕೈತೋಟದಲ್ಲಿ ಇಬ್ಬರೂ ಓಡಾಡಿದರು. ಅಲ್ಲಿ ಸೂರ್ಯಕಾಂತಿ ಗಿಡಗಳಿದ್ದವು. ಪ್ರತಿಯೊಂದು ಭಾಗವೂ ತನ್ನ ಸ್ವಭಾವಕ್ಕೆ ತಕ್ಕ ಹಾಗೆ ಇರಲಿ ಅನ್ನುವುದು ಜಾಬ್ಸ್ ವಾದ. ಪರದೆ ತೆಳ್ಳಗೆ ಮೇಲೆ ತೇಲಲಿ, ಡ್ರೈವ್ ಮಟ್ಟಸವಾಗಿ ಕೆಳಗೆ ಮಲಗಲಿ. ಇವೆರಡರ ನಡುವೆ ಕಾಂಡ ಬಂತು. ಅದೇ ನಿಮ್ಮ ಕೊಕ್ಕರೆ ಕತ್ತು.

ದುಂಡಗೆ ಯಾಕೆ ಅಂತ ಯೋಚನೆ ಮಾಡಿದ್ದೀರಾ? ಪರದೆಯನ್ನು ಎತ್ತ ತಿರುಗಿಸಿದರೂ ಬುಡ ಸೊಟ್ಟ ಕಾಣಬಾರದು. ಚೌಕದ ಪೆಟ್ಟಿಗೆ ಆಗಿದ್ದರೆ ಒಂದು ಕಡೆ ಮುಖ, ಇನ್ನೊಂದು ಕಡೆ ಭುಜ ಅನ್ನುವ ಹಾಗೆ ಇರುತ್ತಿತ್ತು. ಭಾರವೆಲ್ಲ ಕೆಳಗೆ ಇರುವುದರಿಂದ ಮಗುಚುವುದೂ ಇಲ್ಲ. ಗಾಳಿ ಬುಡದಿಂದ ಒಳಗೆ ಬಂದು, ಕತ್ತಿನ ಸುತ್ತ ಬಳೆಯ ಹಾಗಿರುವ ತೂತುಗಳಿಂದ ಹೊರಗೆ ಹೋಗುತ್ತದೆ. ನೋಡುವವರಿಗೆ ಆ ತೂತುಗಳು ಅಲಂಕಾರ ಅನಿಸುತ್ತದೆ. ಹಾಗಾಗಿ ದಯವಿಟ್ಟು ಅದರ ನೆತ್ತಿಯ ಮೇಲೆ ಬಟ್ಟೆ ಮುಚ್ಚಿ ಓಡಿಸಬೇಡಿ.

ಮೊದಲ ಬೆಲೆ 1,299 ಡಾಲರ್‌ನಿಂದ ಶುರು, ಡಿವಿಡಿ ಬರೆಯುವ ಡ್ರೈವ್ ಇದ್ದದ್ದು 1,799. ಎರಡು ತಿಂಗಳಿಗೇ ನೂರು ನೂರು ಡಾಲರ್ ಏರಿಸಿದರು. ನನ್ನ ಜೇಬಿಗೆ ಆಗಲೂ ಎಟುಕಲಿಲ್ಲ, ಅದು ಬೇರೆ ವಿಷಯ. ಆಮೇಲೆ ಅದೇ ವರ್ಷ 17 ಇಂಚಿನದು, 2003ರ ನವೆಂಬರಿನಲ್ಲಿ 20 ಇಂಚಿನದು ಬಂತು. ಟಿವಿ ಜಾಹೀರಾತು ಒಂದು ಚೆನ್ನಾಗಿತ್ತು. ಅಂಗಡಿಯ ಗಾಜಿನಾಚೆ ನಿಂತವನು ಹೇಗೆ ಅಲುಗಾಡಿದರೂ ಒಳಗಿನ ಐಮ್ಯಾಕ್ ಹಾಗೇ ಮಾಡುತ್ತದೆ. ಅವನು ನಾಲಿಗೆ ಚಾಚಿದರೆ ಇದು ಸಿಡಿ ತಟ್ಟೆ ಚಾಚುತ್ತದೆ.

ತಮಾಷೆ ಏನು ಗೊತ್ತಾ? 2004ರ ಆಗಸ್ಟಿನಲ್ಲಿ ಐಮ್ಯಾಕ್ ಜಿ5 ಬಂತು. ಎಲ್ಲವೂ ಪರದೆಯ ಬೆನ್ನಿಗೆ. ಸಿಡಿ ಡ್ರೈವ್ ನಿಂತುಕೊಂಡೇ. ಎರಡೂವರೆ ವರ್ಷದ ಹಿಂದೆ ಯಾವುದು ಬೇಡ ಅಂದಿದ್ದರೋ ಅದೇ! ಅದು ನೋಡಲು ಚೊಕ್ಕಟ, ಆದರೆ ಎತ್ತರ ಬೇಕು ಅಂದರೆ ಕೆಳಗೆ ಪುಸ್ತಕ ಇಡಬೇಕು. ನಾನು ಈಗಲೂ ಐಮ್ಯಾಕ್ ಕೆಳಗೆ ಎರಡು ನಿಘಂಟು ಇಟ್ಟುಕೊಂಡೇ ಇದನ್ನು ಟೈಪ್ ಮಾಡುತ್ತಿದ್ದೇನೆ.

ಪೈ_ಪ್ರಯೋಗ:

‘ಹೊರಗೆ ಕೊಕ್ಕರೆ ಒಳಗೆ ಕೋಳಿ’ ಓದಿ ಸೋತೆ. ನಿಮ್ಮಪ್ಪನಿಗೆ ನಮಸ್ಕಾರ ಹೇಳಿ. ಬೋರ್ಡ್ ಕೀಳುವುದಿಲ್ಲ ಅಂದರೆ ಕನಿಷ್ಠ ಹಾರ್ಡ್ ಡಿಸ್ಕನ್ನಾದರೂ ನಂಬಬೇಡಿ. ಆನ್ ಆದ ಮೊದಲ ಗಂಟೆಯಲ್ಲೇ ಫೋಟೋ ಹೊರಗೆ ತೆಗೆಯಿರಿ. ಯುಎಸ್‌ಬಿ ಪೆನ್ ಡ್ರೈವ್‌ಗೆ ಹಾಕಲು ಹೋಗಬೇಡಿ, ಅದರಲ್ಲಿರುವುದು ಯುಎಸ್‌ಬಿ 1.1. ಸೆಕೆಂಡಿಗೆ ಒಂದು ಎಂಬಿ ಹೋದರೆ ಪುಣ್ಯ.

ಬೆಸುಗೆ_ಕಡ್ಡಿ:

ಇದಕ್ಕೆ ಒಪ್ಪುತ್ತೇನೆ. ಫೈರ್‌ವೈರ್ (ಆ ಯುಎಸ್‌ಬಿಗಿಂತ ವೇಗದ ಹಳೇ ಕೇಬಲ್ ಕಿಂಡಿ) ಇರುವ ಇನ್ನೊಂದು ಮ್ಯಾಕ್ ಸಿಕ್ಕಿದರೆ ತುಂಬಾ ಸುಲಭ. ಟಿ ಕೀಲಿ ಒತ್ತಿ ಹಿಡಿದು ಆನ್ ಮಾಡಿದರೆ ಇಡೀ ಐಮ್ಯಾಕ್ ಒಂದು ಹೊರಗಿನ ಡಿಸ್ಕಿನ ಹಾಗೆ ಆಗುತ್ತದೆ. ಸಿಗದಿದ್ದರೆ ಹಿಂದೆ ಈಥರ್ನೆಟ್ ಕಿಂಡಿ ಇದೆ, ಅದನ್ನು ಮನೆಯ ರೂಟರ್‌ಗೆ ಹಾಕಿ. ಟೈಗರ್ ಇದ್ದರೆ, ಅಂದರೆ ಮ್ಯಾಕ್‌ನ ಕಾರ್ಯವ್ಯವಸ್ಥೆಯ 10.4ನೇ ಆವೃತ್ತಿ, ಶೇರಿಂಗ್‌ನಲ್ಲಿ ಎಫ್‌ಟಿಪಿ ಆಕ್ಸೆಸ್ ಅಂತ ಇರುತ್ತದೆ (ಎಫ್‌ಟಿಪಿ ಅಂದರೆ ಫೈಲ್ ಸಾಗಿಸುವ ಹಳೇ ಪದ್ಧತಿ). ಅದಕ್ಕೆ ಟಿಕ್ ಹಾಕಿ, ನಿಮ್ಮ ಲ್ಯಾಪ್‌ಟಾಪಿನಲ್ಲಿ ಫೈಲ್‌ಜಿಲ್ಲಾ ತಂತ್ರಾಂಶದಿಂದ ಎಳೆದುಕೊಳ್ಳಿ. ಹೊಸ ಕಂಪ್ಯೂಟರ್‌ಗಳು ಹಳೇ ಮ್ಯಾಕ್‌ನ ಉಳಿದ ಭಾಷೆಗಳಿಗೆಲ್ಲ ಮುಖ ತಿರುಗಿಸುತ್ತವೆ, ಎಫ್‌ಟಿಪಿ ಮಾತ್ರ ಇನ್ನೂ ಮಾತಾಡುತ್ತದೆ. ಮುಗಿದ ಮೇಲೆ ಆ ಟಿಕ್ ತೆಗೆಯಿರಿ.

ಸ್ಟುಡಿಯೋ_ಮಗಳು:

ಆಯಿತು! ಆಯಿತು ಅಂದರೆ ನಿಜಕ್ಕೂ ಆಯಿತು.

ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಕೂತೆ. ಟವೆಲ್, ದಿಂಬು, ಎಲ್ಲಾ ನೀವು ಹೇಳಿದ ಹಾಗೆ. ಅಪ್ಪ ಟಾರ್ಚ್ ಹಿಡಿದುಕೊಂಡಿದ್ದರು. ಈ ಸಲ ಅವಸರ ಮಾಡದೆ ನೋಡಿದಾಗ ಆ ಎರಡು ಮುಖ ಸ್ಪಷ್ಟವಾಗಿ ಕಾಣಿಸಿತು. ನಾನು ಬ್ರಶ್ಶಿನಲ್ಲಿ ಉಜ್ಜಿದ್ದ ಕಡೆ ಬರೀ ಬೂದು ಪುಡಿ, ನಡುವೆ ಒಂದು ಕಾಗದ ತೂರುವಷ್ಟು ಜಾಗ ಇದ್ದಿರಬೇಕು. ಅಷ್ಟಕ್ಕೇ ಇಷ್ಟು ರಗಳೆ. ಆಲ್ಕೋಹಾಲ್ ಹಾಕಿ ಒರೆಸಿದ ಮೇಲೆ ಲೋಹದಲ್ಲಿ ನನ್ನ ಹಣೆ ಕಾಣುತ್ತಿತ್ತು. ಪೇಸ್ಟ್ ಹಚ್ಚುವಾಗ ಅಪ್ಪ, "ಇದು ದೋಸೆಗೆ ತುಪ್ಪ ಅಲ್ಲ, ನೀನು ರೊಟ್ಟಿಗೆ ಬೆಣ್ಣೆ ಹಚ್ಚುತ್ತಿದ್ದೀಯ" ಅಂದರು. ಅರ್ಧ ಒರೆಸಿ ತೆಗೆದೆ. ಬ್ಯಾಟರಿ ಹಾಕಿದೆ. ನಾಲ್ಕು ಸ್ಕ್ರೂ ಎದುರುಬದುರು ಬಿಗಿ ಮಾಡಿದೆ, ಕೊನೆಯ ಸುತ್ತು ಅಪ್ಪ ಹಾಕಿದರು.

ಮೂರು ಗಂಟೆ ಓಡಿಸಿದೆ. ನಿಲ್ಲಲಿಲ್ಲ. ಫ್ಯಾನ್ ಇದೆಯೋ ಇಲ್ಲವೋ ಅನ್ನುವಷ್ಟು ಮೆತ್ತಗೆ. ಕತ್ತಿನ ಸುತ್ತಲಿನ ತೂತುಗಳ ಮೇಲೆ ಅಂಗೈ ಇಟ್ಟರೆ ಬೆಚ್ಚನೆ ಗಾಳಿ ಬರುತ್ತದೆ. ಮೊದಲು ಹಾಗೆ ಬರುತ್ತಲೇ ಇರಲಿಲ್ಲ, ಬಿಸಿ ಎಲ್ಲಾ ಒಳಗೇ ಕೂತಿತ್ತು ಅಂತ ಈಗ ಗೊತ್ತಾಯಿತು.

ಫೋಟೋಗಳು 11 ಜಿಬಿ ಇದ್ದವು. ಕುಂಬಾರ ಹುಳದ ಗೂಡು ಇದ್ದದ್ದು ಮೋಡೆಮ್ ಕಿಂಡಿಯಲ್ಲಿ, ಈಥರ್ನೆಟ್ ಕಿಂಡಿಯಲ್ಲಿ ಏನೂ ಇರಲಿಲ್ಲ, ಬಚಾವ್. ಎಫ್‌ಟಿಪಿ ಕೆಲಸ ಮಾಡಿತು, ಮುಕ್ಕಾಲು ಗಂಟೆಯಲ್ಲಿ ಎಲ್ಲಾ ಲ್ಯಾಪ್‌ಟಾಪಿಗೆ ಬಂತು. ಅಪ್ಪ ಫೋಲ್ಡರುಗಳಿಗೆ ದಿನಾಂಕ ಹಾಕಿಲ್ಲ. ಊಟದ ಹೆಸರು ಹಾಕಿದ್ದಾರೆ! ‘ಹೋಳಿಗೆ ಮದುವೆ’, ‘ಜಿಲೇಬಿ ಮದುವೆ’, ‘ಸಾರು ಉಪ್ಪು’. ಅದೂ ಇಂಗ್ಲಿಷ್ ಅಕ್ಷರದಲ್ಲಿ. ಯಾರ ಮದುವೆ ಅಂತ ಕೇಳಿದರೆ ಅಪ್ಪ ಫೋಲ್ಡರ್ ಹೆಸರು ನೋಡಿಯೇ ಹೇಳುತ್ತಾರೆ.

ಇಂಗ್ಲಿಷ್ ಅಕ್ಷರ ಯಾಕೆ ಅಂತ ನೋಡಲು ನಾನು ಲ್ಯಾಪ್‌ಟಾಪಿನಿಂದ ಒಂದು ಕನ್ನಡ ಫೈಲ್ ಅದಕ್ಕೆ ಕಳಿಸಿದೆ. ಸಾಲಾಗಿ ಚೌಕದ ಪೆಟ್ಟಿಗೆಗಳು ಬಂದವು, ಒಂದಕ್ಷರವೂ ಇಲ್ಲ. ಹಿಂದಿಯ ಒಂದು ಸಾಲು ಇತ್ತು, ಅದು ಮಾತ್ರ ಚೆನ್ನಾಗಿ ಬಂತು. ಅಪ್ಪ ಆಗ ಏನು ಮಾಡುತ್ತಿದ್ದರು ಅಂದರೆ, ಮದುವೆ ಆಲ್ಬಮ್ಮಿಗೆ ಕನ್ನಡ ಹೆಸರು ಬೇಕಾದಾಗ ಪಕ್ಕದ ಡಿಟಿಪಿ ಅಂಗಡಿಯಲ್ಲಿ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿಸಿ, ಚಿತ್ರವಾಗಿ ಮಾಡಿಸಿಕೊಂಡು ಬರುತ್ತಿದ್ದರಂತೆ. ಒಂದು ಹೆಸರಿಗೆ ಐದು ರೂಪಾಯಿ. ಇದಕ್ಕೆ ಏನಾದರೂ ದಾರಿ ಇದೆಯಾ?

ಹಳೇಪೆಟ್ಟಿಗೆ:

ಇಲ್ಲ, ಮತ್ತು ಅದು ನಿಮ್ಮ ಯಂತ್ರದ ತಪ್ಪಲ್ಲ. ಮ್ಯಾಕ್‌ನಲ್ಲಿ ದೇವನಾಗರಿ, ಗುಜರಾತಿ, ಗುರುಮುಖಿ ಮೊದಲೇ ಇದ್ದವು, ಟೈಗರ್ ಹೊತ್ತಿಗೆ ತಮಿಳೂ ಬಂತು. ಕನ್ನಡದ ಫಾಂಟ್ ವ್ಯವಸ್ಥೆಯ ಜೊತೆಗೇ ಬಂದದ್ದು 10.7ರಲ್ಲಿ, ಅಂದರೆ 2011ರಲ್ಲಿ. ಅದು ಇಂಟೆಲ್ ಪ್ರೊಸೆಸರ್ ಇರುವ ಮ್ಯಾಕ್‌ಗಳಿಗೆ ಮಾತ್ರ. ಜಿ4ಕ್ಕೆ ಅದನ್ನು ಹಾಕಲು ಆಗುವುದೇ ಇಲ್ಲ. ಓದಲು ಬೇಕಿದ್ದರೆ ಲ್ಯಾಪ್‌ಟಾಪಿನಲ್ಲಿ ಪಿಡಿಎಫ್ ಮಾಡಿ ಕಳಿಸಿ, ಅಕ್ಷರದ ಆಕಾರ ಅದರೊಳಗೇ ಇರುವುದರಿಂದ ಚೆನ್ನಾಗಿ ಕಾಣುತ್ತದೆ. ಬರೆಯಲು ಮಾತ್ರ ನಿಮ್ಮಪ್ಪನ ದಾರಿಯೇ ಸರಿ. ಈಗ ಐದು ರೂಪಾಯಿಗೆ ಯಾರೂ ಮಾಡಿಕೊಡುವುದಿಲ್ಲ.

ಒಂದು ಸಣ್ಣ ಪ್ರಶ್ನೆ. ಎಂಟು ವರ್ಷ ಕಪಾಟಿನ ಮೇಲೆ ಇದ್ದರೂ ಒಳಗೆ ಅಷ್ಟು ಹಾಳಾಗಿಲ್ಲವಲ್ಲ, ಮಲೆನಾಡಿನ ಮಳೆಗಾಲ ಬೇರೆ. ಏನು ಸುತ್ತಿಟ್ಟಿದ್ದಿರಿ? ಹೋದ ವರ್ಷ ಇಲ್ಲಿ ಹಳೇ ಸಾಮಾನಿನ ಸಂತೆಯಲ್ಲಿ ನನಗೂ ಒಂದು ಸಿಕ್ಕಿದೆ, ಕೊನೆಗೂ. ಇದರ ಆಕಾರಕ್ಕೆ ಯಾವ ಕವರೂ ಹೊಂದುವುದಿಲ್ಲ.

ಸ್ಟುಡಿಯೋ_ಮಗಳು:

ಅದು ಅಮ್ಮನ ಕೆಲಸ. ತಂದ ವಾರವೇ ಹಳೇ ವಾಯಿಲ್ ಸೀರೆಯಲ್ಲಿ ಒಂದು ಗೌನ್ ಹೊಲಿದಿದ್ದಳು. ಕೆಳಗೆ ಬೋಗುಣಿಗೆ ಲಂಗದ ಹಾಗೆ ನೆರಿಗೆ, ಕತ್ತಿಗೆ ಕೊಳವೆ, ಪರದೆಗೆ ದಿಂಬಿನ ಚೀಲದ ಹಾಗೆ ಜೇಬು. ಹಿಂದೆ ಮೂರು ಟಿಚ್ ಬಟನ್. ಪರದೆಯನ್ನು ಪೂರ್ತಿ ಕೆಳಗೆ ಇಳಿಸಿಯೇ ತೊಡಿಸಬೇಕು, ಇಲ್ಲದಿದ್ದರೆ ಕುತ್ತಿಗೆ ಹಿಡಿಯುತ್ತದೆ. ಲೇಸ್ ತರಲು ಹೋದಾಗ ಅಂಗಡಿಯವರು "ಮಗುವಿಗೆ ಎಷ್ಟು ವರ್ಷ?" ಅಂತ ಕೇಳಿದ್ದರಂತೆ. ನೀವು ಹೇಳಿದ ಹಾಗೆ ತೂತು ಮುಚ್ಚಬಾರದಲ್ಲ, ಆಫ್ ಮಾಡಿ ತಣ್ಣಗಾದ ಮೇಲೇ ತೊಡಿಸುತ್ತಿದ್ದಳು. ಅದು ಅವಳಿಗೆ ಯಾರು ಹೇಳಿಕೊಟ್ಟರೋ ಗೊತ್ತಿಲ್ಲ.

ಈಗ ನಿಮ್ಮ ಸಂದೇಶ ಓದಿ ಹೇಳಿದೆ. ಹೊಲಿಗೆ ಮಷೀನಿನ ಮೇಲಿನ ಬಟ್ಟೆ ತೆಗೆದಾಗಿದೆ. ಕೇಳುತ್ತಿದ್ದಾಳೆ, ನಿಮ್ಮದು 15 ಇಂಚಾ 17 ಇಂಚಾ, ಮತ್ತು ಕತ್ತು ಪೂರ್ತಿ ಇಳಿಯುತ್ತದಾ?